ಗಂಟೆಯವರ ಮಗ

ಪತ್ರ ಅಚ್ಚು ಹಾಕಿದ ನಮೂನೆಯಾಗಿದ್ದರೆ ಸಾಕಪ್ಪ ಎಂದು ಅವನು ಬೆಳಿಗ್ಗೆ ಎದ್ದಾಗಿನಿಂದ ಎಷ್ಟನೆಯ ಸಲವೋ ಅಂದುಕೊಂಡ. ಊರಿನ ಕ್ರೈಸ್ತ ದೇವಾಲಯದ ಕಚೇರಿಯಲ್ಲಿ ಅಂಥ ನಮೂನೆಗಳ ಒಂದು ಕಟ್ಟೇ ಇರುತ್ತಿತ್ತು. ಮೇಲೆ ಸಭೆಯ ಮುದ್ರೆ, ಕೆಳಗೆ ಚುಕ್ಕಿಗಳ ಸಾಲು. ಚುಕ್ಕಿಗಳ ಮೇಲೆ ಹೆಸರು, ದೀಕ್ಷಾಸ್ನಾನದ ತಾರೀಖು, ದೃಢೀಕರಣದ ತಾರೀಖು, ಇವರು ಕರ್ತನ ಭೋಜನಕ್ಕೆ ಸೇರತಕ್ಕವರು ಎಂಬ ಒಂದು ಮಾತು, ಕೊನೆಗೆ ಸಭಾಪಾಲಕರಾದ ಅಯ್ಯನವರ ರುಜು. ಅಷ್ಟೇ ಆಗಿದ್ದರೆ ಈ ಹೊರದೇಶದ ಭಾಷೆಗೆ ತಿರುಗಿಸಿ ಎರಡು ನಿಮಿಷದಲ್ಲಿ ಹೇಳಿ ಕೂತುಬಿಡಬಹುದು. ಆದರೆ ಶುಕ್ರವಾರ ಇಲ್ಲಿಯ ಸಭಾಪಾಲಕರು ಫೋನ್ ಮಾಡಿ, "ನಿಮ್ಮೂರಿಂದ ಪತ್ರ ಬಂತು, ಲಕೋಟೆ ಒಳ್ಳೇ ದಪ್ಪಗಿದೆ, ನಿಮ್ಮ ತಂದೆಯವರ ಮೇಲೆ ಆ ಸಭೆಗೆ ಇನ್ನೂ ಎಷ್ಟು ಗೌರವ ನೋಡಿ" ಎಂದು ನಕ್ಕಿದ್ದರು. ಮುಂಚೆ ಒಮ್ಮೆ ನೋಡಬಹುದೇ, ಅನುವಾದಕ್ಕೆ ಅನುಕೂಲವಾಗುತ್ತಿತ್ತು ಎಂದು ಅವನು ಕೇಳಿದ. ಸಭೆಗೆ ಬಂದ ಪತ್ರವನ್ನು ಸಭೆಯ ಮುಂದೆಯೇ ಒಡೆಯುವುದು ನಮ್ಮ ಪದ್ಧತಿ, ಹೊಸದಾಗಿ ಸೇರುವವರ ಪತ್ರವನ್ನು ಎಲ್ಲರೂ ಒಟ್ಟಿಗೆ ಕೇಳಬೇಕು, ನಮಗೆ ಓದಲು ಬಾರದ ಭಾಷೆಯಲ್ಲಿರುವುದರಿಂದ ನೀವೇ ಓದಿ ಹೇಳಬೇಕು ಎಂದರು ಅವರು. ಆಗಲಿ ಎಂದು ಅವನು ಫೋನು ಇಟ್ಟ. ಅವನು ಸುಳ್ಳು ಓದಿದರೆ ಕೇಳುವವರು ಯಾರಿದ್ದರು? ಆ ಸಭೆಯಲ್ಲಿ ಕನ್ನಡ ಓದಬಲ್ಲವರು ಇಬ್ಬರೇ, ಅವನು ಮತ್ತು ಅವನ ಹೆಂಡತಿ. ಭಯಕ್ಕೆ ಕಾರಣವೇ ಇರಲಿಲ್ಲ, ಆದರೂ ಎರಡು ದಿನದಿಂದ ಅದು ಬಿಟ್ಟಿರಲಿಲ್ಲ.

"ಟೈ ಇನ್ನೆಷ್ಟು ಸಲ ಬಿಚ್ಚಿ ಕಟ್ತೀರಿ? ಮದುವೆಯಾಗಿ ಹದಿನೇಳು ವರ್ಷ ಆಯ್ತು, ಈಗ ಹೆಣ್ಣು ನೋಡಕ್ಕೆ ಹೊರಟ ಹಾಗಿದೆ" ಎಂದಳು ಹೆಂಡತಿ, ಮಗಳ ಕೂದಲಿಗೆ ಪಿನ್ನು ಚುಚ್ಚುತ್ತ. ಅವಳು ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳ ಅಳತೆಗೆ ಉಡುಪನ್ನು ಮೊಟಕು ಮಾಡಿ, ಅಗಲ ಮಾಡಿ ಹೊಲಿದುಕೊಡುವ ಕೆಲಸದಲ್ಲಿದ್ದಳು. ಬಾಯಲ್ಲಿ ಯಾವಾಗಲೂ ಒಂದೆರಡು ಪಿನ್ನು ಇರುತ್ತಿದ್ದರಿಂದ ಅವಳ ಮಾತು ಅರ್ಧ ತುಟಿಯಲ್ಲೇ ಹೊರಬೀಳುತ್ತಿತ್ತು. ಹದಿನಾಲ್ಕರ ಮಗಳು ಕನ್ನಡಿಯಲ್ಲಿ ಅಪ್ಪನನ್ನು ನೋಡಿ ನಕ್ಕಳು. ಬರುವ ತಿಂಗಳು ಅವಳ ದೃಢೀಕರಣ, ದೊಡ್ಡವರ ಜೊತೆ ಕರ್ತನ ಭೋಜನಕ್ಕೆ ಸೇರಿಸಿಕೊಳ್ಳುವ ವಿಧಿ. ತಂದೆತಾಯಿ ಸಭೆಯ ಪೂರ್ಣ ಸದಸ್ಯರಾಗಿರಬೇಕು, ಅದಕ್ಕೆ ಊರಿನ ಸಭೆಯ ಪತ್ರ ಬೇಕು. ಇಷ್ಟಕ್ಕೆಲ್ಲ ಮೂಲ ಅದೇ. ಕೂಸಾಗಿದ್ದಾಗಲೇ ಊರು ಬಿಟ್ಟವಳು, ತಾತನನ್ನು ಬಲ್ಲದ್ದು ಫೋನಿನ ದನಿಯಲ್ಲಿ ಮಾತ್ರ. ಅವಳಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕಲಿಸಬೇಕೆಂದು ಪ್ರತಿ ರಜೆಯಲ್ಲೂ ಅಂದುಕೊಂಡು, ಪ್ರತಿ ರಜೆಯಲ್ಲೂ ಬಿಟ್ಟಿದ್ದ. ಕಲಿಸದೆ ಇದ್ದದ್ದೇ ಒಳ್ಳೆಯದಾಯಿತು ಎಂಬ ಯೋಚನೆ ಬಂದು ಅವನು ಕನ್ನಡಿಯ ಮುಂದಿನಿಂದ ಸರಿದ.

ಬಸ್ಸಿನಲ್ಲಿ ಮೂವರೂ ಒಂದೇ ಸಾಲಿನಲ್ಲಿ ಕೂತರು. ಈ ದೇಶಕ್ಕೆ ಬಂದ ಮೊದಲ ಎಂಟು ತಿಂಗಳಲ್ಲಿ ಮನೆ ಸಿಕ್ಕಿತ್ತು, ಶಾಲೆ ಸಿಕ್ಕಿತ್ತು, ಅವನಿಗೆ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಕೆಲಸವಂತೂ ಮೊದಲೇ ಇತ್ತು. ಸಭೆ ಮಾತ್ರ ಸಿಕ್ಕಿರಲಿಲ್ಲ. ಒಂದು ಕಡೆ ಡ್ರಮ್ಮು ಬಾರಿಸಿ ಕೈ ಎತ್ತಿ ಕುಣಿದರು. ಮಗಳಿಗೆ ಖುಷಿಯಾಯಿತು, ಇವರಿಬ್ಬರಿಗೆ ತಲೆ ಹಿಡಿಯಿತು. ಇನ್ನೊಂದು ಕಡೆ ಸಾವಿರ ಜನ ಹಿಡಿಸುವ ಕಟ್ಟಡ, ಪಕ್ಕದಲ್ಲಿ ಕೂತವರು ಕೊನೆಯತನಕ ಇತ್ತ ತಿರುಗಲಿಲ್ಲ. ಆಮೇಲೆ ಭಾನುವಾರಗಳಲ್ಲಿ ಮನೆಯಲ್ಲೇ ಕೂತು ಒಂದು ಕೀರ್ತನೆ ಹಾಡಿ ಮುಗಿಸುವುದಾಯಿತು. ಮೂರೇ ದನಿಯಲ್ಲಿ ಹಾಡು ಬಡಕಲಾಗಿ ಕೇಳುತ್ತಿತ್ತು. ಒಂದು ಮಧ್ಯಾಹ್ನ ಕಾರ್ಖಾನೆಗೆ ಹೆಂಡತಿಯ ಫೋನು ಬಂತು. ಗಾಜಿನ ಯಂತ್ರದ ಹತ್ತಿರ ಫೋನು ಹಿಡಿಯುವ ಹಾಗಿಲ್ಲ, ಕೈಗೆ ಮೆತ್ತಿದ ಬಿಳಿ ಹುಡಿಯ ಸಮೇತ ಕಕ್ಕಸಿಗೆ ಓಡಿ ಎತ್ತಿದ. "ಸಿಕ್ತು ರೀ. ನಮ್ಮ ಪಂಗಡದ್ದೇ. ಲೂಥರನ್ ಅಂತ ಬಾಗಿಲ ಮೇಲೆ ಬರ್ದಿದಾರೆ, ಡ್ಯಾನ್ಸ್ ಕಲಿಸೋ ಶಾಲೆ ಬಾಗಿಲ ಮೇಲೆ, ಭಾನುವಾರ ಹತ್ತು ಗಂಟೆಗೆ" ಎಂದು ಅವಳು ರಸ್ತೆಯಲ್ಲಿ ನಿಂತು ಅಳುತ್ತಿದ್ದಳು. ಆ ಭಾನುವಾರ ಮೊದಲ ಹಾಡಿನ ರಾಗ ಎದ್ದಾಗ, ಮಾತುಗಳು ಬೇರೆ, ರಾಗ ಮಾತ್ರ ಊರಿನ ದೇವಾಲಯದ ಅದೇ ರಾಗ, ಅವನ ಕಣ್ಣಿನಲ್ಲಿ ನೀರು ಬಂತು. ಅದು ಸುಳ್ಳಲ್ಲ. ಆ ದಿನ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ಅವನಲ್ಲಿ ಒಂದೂ ಸುಳ್ಳಿರಲಿಲ್ಲ ಎಂದು ಅವನು ಈಗಲೂ ಎದೆ ಮುಟ್ಟಿ ಹೇಳಬಲ್ಲ.

ಹನ್ನೊಂದೂವರೆಗೆ ಕಾಫಿ. ಎಲ್ಲ ಎದ್ದು ಹಿಂದಿನ ಅಡಿಗೆಕೋಣೆಯತ್ತ ಹೊರಟಿದ್ದರು. ಬಲಿಪೀಠವೆಂದರೆ ಒಂದು ಮೇಜು. ಅದರ ಬಿಳಿ ಬಟ್ಟೆ ಒಂದು ಕಡೆ ನಾಲ್ಕು ಬೆರಳು ಜಾರಿತ್ತು. ಅವನಿಗೆ ಗೊತ್ತಿಲ್ಲದೆಯೇ ಅವನ ಕೈ ಹೋಗಿ ಆ ಬಟ್ಟೆಯನ್ನು ಎಳೆದು, ಮಡಿಕೆಯ ಗೆರೆ ಮೇಜಿನ ನಡುವಿಗೆ ಬರುವಂತೆ ಕೂರಿಸಿ, ಮೇಣದ ಬತ್ತಿಯ ಕರಿ ತುದಿಯನ್ನು ಉಗುರಿನಲ್ಲಿ ಚಿವುಟಿ ಹಾಕಿತು. ಸಭಾಪಾಲಕರು ನೋಡುತ್ತ ನಿಂತಿದ್ದರು. "ನೀವು ದೇವಾಲಯದಲ್ಲೇ ಬೆಳೆದವರು" ಎಂದರು. ಹೌದು, ನಮ್ಮ ತಂದೆ ಇಡೀ ಆಯುಸ್ಸನ್ನು ದೇವಾಲಯದಲ್ಲೇ ಕಳೆದರು ಎಂದು ಅವನು ಹೇಳಿದ, ಅಲ್ಲಿಗೂ ಸುಳ್ಳಿರಲಿಲ್ಲ. "ಓಹೋ, ಸಭಾಪಾಲಕರ ಮಗ!" ಎಂದು ಅವರು ಎರಡೂ ಕೈಯಲ್ಲಿ ಅವನ ಕೈ ಹಿಡಿದು, ಕಾಫಿಯ ಲೋಟ ಹಿಡಿದಿದ್ದ ಎಲ್ಲರ ಕಡೆಗೂ ತಿರುಗಿ ಅದನ್ನೇ ಇನ್ನೊಮ್ಮೆ ಹೇಳಿದರು. ಅಲ್ಲ ಎನ್ನಬೇಕಾಗಿತ್ತು. ಎರಡೇ ಅಕ್ಷರ. ಬಾಯಿ ತೆರೆದೂ ತೆರೆದಿದ್ದ, ಅಷ್ಟರಲ್ಲಿ ಯಾರೋ ಒಬ್ಬ ಅಜ್ಜಿ ಅವನಿಗೆ ಕುರ್ಚಿ ತಂದುಕೊಟ್ಟಳು. ಜೀವಮಾನದಲ್ಲಿ ಯಾರೂ ಅವನಿಗೆ ದೇವಾಲಯದಲ್ಲಿ ಕುರ್ಚಿ ತಂದುಕೊಟ್ಟಿರಲಿಲ್ಲ; ಕುರ್ಚಿ ತಂದುಕೊಡುತ್ತಿದ್ದವರೇ ಅವರು, ಅವನೂ ಅವನ ಅಪ್ಪನೂ. ಅವನು ಕೂತ.

ಊರಿನಲ್ಲಿ ಅಪ್ಪನನ್ನು ಎಲ್ಲರೂ ಗಂಟೆಯವರು ಎನ್ನುತ್ತಿದ್ದರು. ಗಂಟೆ ಹೊಡೆಯುವುದು, ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಬೆಂಚು ಒರೆಸುವುದು, ದೀಪ ಹಚ್ಚುವುದು, ಸಭೆಯವರು ಯಾರಾದರೂ ತೀರಿಕೊಂಡರೆ ಸಮಾಧಿಯ ಗುಂಡಿ ತೋಡುವುದು. ಶಾಲೆಯಲ್ಲಿ ಇವನು ಗಂಟೆ ಮಗ. ಪಾಠದ ಗಂಟೆ ಹೊಡೆದಾಗಲೆಲ್ಲ ಹಿಂದಿನ ಬೆಂಚಿನವರು "ನಿಮ್ಮಪ್ಪ ಕರೀತಿದಾರೆ ಹೋಗೋ" ಎನ್ನುತ್ತಿದ್ದರು. ಸಾವಿನ ಗಂಟೆಗೆ ಅಪ್ಪ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಹಗ್ಗ ಎಳೀಬಾರದು ಮಗಾ, ಗಂಟೆ ತಾನಾಗಿ ತಗೊಂಡು ಹೋಗುತ್ತೆ, ನೀನು ಕೈ ಬಿಟ್ಟುಕೊಡಬೇಕು ಅಷ್ಟೇ ಎನ್ನುತ್ತಿದ್ದರು. ಈ ಮಾತನ್ನು ಅವನು ಇಲ್ಲಿ ಬೈಬಲ್ ಅಧ್ಯಯನದ ಹೊತ್ತಿನಲ್ಲಿ, ನಮ್ಮ ತಂದೆ ಒಮ್ಮೆ ಭಾನುವಾರದ ಆರಾಧನೆಯ ಪ್ರಸಂಗದಲ್ಲಿ ಹೇಳಿದರು ಎಂದು ಹೇಳಿದ್ದ. ಎಲ್ಲ ತಲೆದೂಗಿದರು, ಒಬ್ಬಿಬ್ಬರು ಬರೆದುಕೊಂಡರು. ಆ ದಿನ ಮನೆಗೆ ಬಂದ ಮೇಲೆ ಹೆಂಡತಿ ಬಾಯಿಂದ ಪಿನ್ನು ತೆಗೆದು, "ಮಾವ ಯಾವಾಗಿಂದ ಪ್ರಸಂಗ ಮಾಡಕ್ಕೆ ಶುರು ಮಾಡಿದ್ರು ಅಂತ ನಂಗೂ ಒಂದು ಮಾತು ಹೇಳಿಬಿಡಿ. ಯಾರಾದ್ರೂ ಕೇಳಿದ್ರೆ ಬೆಬ್ಬೆಬ್ಬೆ ಅನ್ನಬಾರದಲ್ಲ" ಎಂದಳು. ಅವನು ರೇಗಿದ. ನಾನೆಲ್ಲಿ ಹೇಳಿದೆ, ಅವರೇ ಅಂದುಕೊಂಡರು ಎಂದ. ಅವಳು ಸೂಜಿಗೆ ದಾರ ಪೋಣಿಸಿ, "ನಂಗೂ ಹಿತವಾಗೇ ಇದೆ ಕಣ್ರೀ, ಸುಳ್ಳು ಯಾಕೆ ಹೇಳ್ಲಿ. ಆ ಹೆಂಗಸರೆಲ್ಲ ನನ್ನ ಮಾತಾಡಿಸೋ ರೀತಿನೇ ಬೇರೆ. ಅದಕ್ಕೇ ಹೆದರಿಕೆ" ಎಂದು ಹೊಲಿಗೆಗೆ ಬಗ್ಗಿದಳು. ಅವಳು ಮೇಷ್ಟ್ರ ಮಗಳು. ಮದುವೆಗೆ ಮುಂಚೆಯೇ ಎಲ್ಲ ಗೊತ್ತಿದ್ದು ಬಂದವಳು. ಮದುವೆಯ ದಿನ ಅಪ್ಪ ಎರವಲು ಕೋಟು ತೊಟ್ಟು ಮೊದಲ ಸಾಲಿನಲ್ಲಿ ಕೂರಬೇಕೆಂದು, ಗಂಟೆಯ ಹತ್ತಿರ ಸುಳಿಯಬಾರದೆಂದು ಇವನೇ ತಾಕೀತು ಮಾಡಿದ್ದ. ಗಂಟೆಗೆ ಗೊತ್ತುಮಾಡಿದ್ದವನು ಬರಲಿಲ್ಲ. ಅಪ್ಪ ಎಲ್ಲರೂ ನೋಡುತ್ತಿದ್ದಂತೆ ಎದ್ದು ಹೋದರು, ಮಗನ ಮದುವೆಯ ಗಂಟೆ ಹೊಡೆದರು, ಕೋಟಿನ ತೋಳಿಗೆ ಹಗ್ಗದ ನಾರು ಅಂಟಿಸಿಕೊಂಡು ಬೆವರುತ್ತ ವಾಪಸು ಬಂದಾಗ ಫೋಟೋದವನು ಮನೆಯವರ ಫೋಟೋ ತೆಗೆದು ಮುಗಿಸಿದ್ದ. ಇನ್ನೊಂದು ತೆಗೆಸೋಣ ಎಂದು ಅವಳು ಅಂದಳು. ಬೇಡ, ಹೊತ್ತಾಯಿತು ಎಂದವನು ಇವನು. ಇಲ್ಲಿಯ ಮನೆಯ ಗೋಡೆಯ ಮೇಲೆ ಆ ಫೋಟೋ ಇದೆ, ಅಪ್ಪ ಇಲ್ಲದ್ದು.

ಬಸ್ಸು ನಿಂತಿತು. ನೃತ್ಯಶಾಲೆಯ ಮೆಟ್ಟಿಲು ಹತ್ತುವಾಗ ಬೀಗದ ಅಜ್ಜ ಎದುರಾದ. ಹಾಗೆ ಕರೆಯುವುದು ಇವರ ಮನೆಯೊಳಗಿನ ತಮಾಷೆ. ಬಸ್ಸಿನ ಚಾಲಕನಾಗಿದ್ದು ನಿವೃತ್ತನಾದವನು, ಪ್ರತಿ ಭಾನುವಾರ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದು ಬೀಗ ತೆಗೆದು, ನೃತ್ಯದವರ ಕನ್ನಡಿ ಗೋಡೆಗೆ ಬಟ್ಟೆ ಇಳಿಬಿಟ್ಟು, ಅರವತ್ತು ಮಡಿಸುವ ಕುರ್ಚಿ ಹಾಕುತ್ತಿದ್ದ. ಸೊಂಟದ ಮೂಳೆ ಸವೆದು ಕುಂಟುತ್ತಿದ್ದ, ಬರುವ ತಿಂಗಳು ಆಪರೇಷನ್. ಅವನ ಬದಲಿಗೆ ಯಾರಾದರೂ ಒಪ್ಪಿಕೊಳ್ಳಬೇಕು ಎಂದು ಸಭಾಪಾಲಕರು ಮೂರು ಭಾನುವಾರ ಕೇಳಿದ್ದರು. ಮೂರು ಸಲವೂ ಇವನ ಕೈ ತೊಡೆಯ ಮೇಲೆಯೇ ಇತ್ತು. ಕುರ್ಚಿಗಳ ಸಾಲು ಡೊಂಕಾಗಿರುವುದು, ನಡುವಿನ ದಾರಿ ಎರಡು ಗೇಣು ಕಿರಿದಾಗಿರುವುದು ಅವನಿಗೆ ಪ್ರತಿ ಭಾನುವಾರ ಕಾಣುತ್ತಿತ್ತು, ಕಂಡು ಕೈ ಕಡಿಯುತ್ತಿತ್ತು, ಆದರೂ ಎತ್ತಲಿಲ್ಲ. ಇಂದು ಅಜ್ಜ ಗೋಡೆ ಹಿಡಿದುಕೊಂಡು, "ಇವತ್ತು ನಿಮ್ಮ ಪತ್ರ ಅಲ್ಲವಾ? ಮುಂದಿನ ಸಾಲು ನಿಮಗೇ ಇಟ್ಟಿದ್ದೀನಿ" ಎಂದ. ಮೊದಲ ಸಾಲಿನ ಎದುರಿಗಿದ್ದ ಕನ್ನಡಿಗೆ ಬಟ್ಟೆ ಸಾಲದೆ ಕೆಳಗೆ ಒಂದು ಮೊಳ ಬಿಟ್ಟಿತ್ತು. ಕೂತವನಿಗೆ ಅದರಲ್ಲಿ ತನ್ನ ಬೂಟು, ಹೆಂಡತಿಯ ಚಪ್ಪಲಿ, ಮಗಳ ಹೊಸ ಷೂ ಸಾಲಾಗಿ ಕಂಡವು. ಪಾಪದ ಅರಿಕೆಯ ಹೊತ್ತಿಗೆ ಎಲ್ಲ ತಲೆ ತಗ್ಗಿಸಿದರು. ಅವನೂ ಎಲ್ಲರ ಜೊತೆ ಗಟ್ಟಿಯಾಗಿ ಹೇಳಿದ, ಮನಸ್ಸಿನಲ್ಲಿ ಮಾತ್ರ ಅಚ್ಚಿನ ನಮೂನೆಗೆ ಹರಕೆ ಹೊತ್ತುಕೊಳ್ಳುತ್ತಿದ್ದ.

ನಮೂನೆಯಾಗಿರಲಿಲ್ಲ. ಸಭಾಪಾಲಕರು ಅವನನ್ನು ಮುಂದಕ್ಕೆ ಕರೆದು, ಹೆಗಲ ಮೇಲೆ ಕೈಯಿಟ್ಟು, ಲಕೋಟೆಯನ್ನು ಎಲ್ಲರಿಗೂ ತೋರಿಸಿ ಒಡೆದರು. ಗೆರೆ ಹಾಕಿದ ಎರಡು ಹಾಳೆ, ಊರಿನ ಅಯ್ಯನವರ ನಡುಗುವ ಕೈಬರಹ. ಅವನು ಮೊದಲ ಸಾಲಿನಿಂದ ಶುರುಮಾಡಿದ. ಕರ್ತನಲ್ಲಿ ಪ್ರಿಯರಾದ ಸಹೋದರರಿಗೆ ವಂದನೆಗಳು. ಈ ಗಂಡಹೆಂಡಿರು ನಮ್ಮ ಸಭೆಯಲ್ಲಿ ದೀಕ್ಷಾಸ್ನಾನ ಹೊಂದಿದವರು, ದೃಢೀಕರಣವಾದವರು, ಯಾವ ದೂರೂ ಇಲ್ಲದವರು. ಇಷ್ಟನ್ನು ಸರಾಗವಾಗಿ ಹೇಳಿದ, ದನಿ ಸರಿಯಾಗಿಯೇ ಇತ್ತು. ಆಮೇಲೆ ಕಣ್ಣು ಮುಂದೆ ಓಡಿತು, ಬಾಯಿ ನಿಂತಿತು. "ಇವನ ತಂದೆ ಮೂವತ್ತೆಂಟು ವರ್ಷದಿಂದ ನಮ್ಮ ದೇವಾಲಯದ ಗಂಟೆ ಹೊಡೆಯುವವರು. ನೆಲ ಗುಡಿಸಿ, ದೀಪ ಹಚ್ಚಿ, ನಮ್ಮವರ ಸಮಾಧಿಗಳನ್ನು ತೋಡಿದವರು. ನಾನು ಇದನ್ನು ಬರೆಯುವಾಗ ಅವರು ನನ್ನ ಎದುರಿಗೇ ನಿಂತಿದ್ದಾರೆ. ಕೂತುಕೊಳ್ಳಿ ಎಂದರೂ ಕೂರುವುದಿಲ್ಲ. ತಮ್ಮ ಕಡೆಯಿಂದ ಒಂದು ಮಾತು ಸೇರಿಸಬೇಕೆಂದು ಕೇಳಿಕೊಂಡಿದ್ದಾರೆ, ಅವರು ಹೇಳಿದಂತೆಯೇ ಬರೆಯುತ್ತೇನೆ. ನಿಮ್ಮಲ್ಲಿ ಬಾಗಿಲು ತೆಗೆಯಲಿಕ್ಕೆ, ಕುರ್ಚಿ ಹಾಕಲಿಕ್ಕೆ ಜನ ಬೇಕಿದ್ದರೆ ನನ್ನ ಮಗನಿಗೆ ಹೇಳಿ. ಕೆಲಸವೆಲ್ಲ ಅವನಿಗೆ ಕಲಿಸಿದ್ದೇನೆ. ಅದಕ್ಕೆಲ್ಲ ನಾಚಿಕೊಳ್ಳುವವನಲ್ಲ ಅವನು."

ಯಾರೋ ಕೆಮ್ಮಿದರು. ಅಪ್ಪ ಈಗ ಅಕ್ಕನ ಮನೆಯಲ್ಲಿರುತ್ತಾರೆ. ಅಲ್ಲಿಂದ ದೇವಾಲಯಕ್ಕೆ ನಡೆದು ಹೋಗಿ, ಅಯ್ಯನವರ ಮೇಜಿನ ಮುಂದೆ ಎರಡೂ ಕೈ ಹಿಂದೆ ಕಟ್ಟಿ ನಿಂತು ಈ ಮಾತು ಹೇಳಿರಬೇಕು. ಒಂದೊಂದೇ ಮಾತು, ಅಯ್ಯನವರ ಪೆನ್ನು ನಿಂತಾಗ ನಿಲ್ಲಿಸಿ. ಮೊದಲ ಸಾಲಿನಲ್ಲಿ ಮಗಳು ಮುಂದಕ್ಕೆ ಬಾಗಿ ಕೂತಿದ್ದಳು. ದೃಢೀಕರಣದ ತರಗತಿಯಲ್ಲಿ ಅವಳು 'ನನ್ನ ತಾತ, ಸಭಾಪಾಲಕರು' ಎಂದು ಎರಡು ಪುಟ ಬರೆದು ಎಲ್ಲರ ಮುಂದೆ ಓದಿದ್ದಳು. ಹೆಂಡತಿ ಅವನನ್ನು ನೋಡುತ್ತಿರಲಿಲ್ಲ, ಕನ್ನಡಿಯ ಕೆಳಗಿನ ಮೊಳದಲ್ಲಿ ಅವನ ಬೂಟನ್ನು ನೋಡುತ್ತಿದ್ದಳು. "ಇವರ ತಂದೆಯವರು" ಎಂದು ಅವನು ಇಲ್ಲಿಯ ಭಾಷೆಯಲ್ಲಿ ಹೇಳಿದ, "ಮೂವತ್ತೆಂಟು ವರ್ಷ ನಮ್ಮ ಸಭೆಯಲ್ಲಿ ದೇವರ ವಾಕ್ಯ ಸಾರಿದವರು. ನಿಮಗೆಲ್ಲ ತಮ್ಮ ಆಶೀರ್ವಾದ ತಿಳಿಸಿದ್ದಾರೆ." ಹಾಳೆ ಮಡಚಿದ. ಆಮೆನ್ ಎಂದಿತು ಸಭೆ. ಅಜ್ಜಿಯರು ಕರವಸ್ತ್ರ ತೆಗೆದರು. ಅಪ್ಪನನ್ನು ಮತ್ತೊಮ್ಮೆ ಫೋಟೋದಿಂದ ತೆಗೆದದ್ದಾಯಿತು ಎಂದು ಅವನಿಗೆ ಆಗಲೇ, ಅಲ್ಲೇ, ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದರೂ ನಗುತ್ತ ಎಲ್ಲರ ಕೈ ಕುಲುಕಿದ.

ಕರ್ತನ ಭೋಜನಕ್ಕೆ ಸಾಲು ಎದ್ದಾಗ ಹೆಂಡತಿ ಏಳಲಿಲ್ಲ. ಸಭೆ ಸಿಗದ ಎಂಟು ತಿಂಗಳು ಈ ರೊಟ್ಟಿಗಾಗಿಯೇ ಹಂಬಲಿಸಿದವಳು, ಸಿಕ್ಕ ಮೇಲೆ ಒಂದು ವಾರವೂ ತಪ್ಪಿಸದವಳು. ಪಕ್ಕದವಳು ಬಗ್ಗಿ ಏನೋ ಕೇಳಿದಳು. ತಲೆನೋವು ಎಂದು ಅವಳು ಹಣೆ ಮುಟ್ಟಿ ತೋರಿಸಿದಳು. ಅವನಿಗೆ ಅಷ್ಟು ಧೈರ್ಯವಿರಲಿಲ್ಲ. ಇಂದೇ ಸೇರಿಸಿಕೊಂಡ ಹೊಸ ಸದಸ್ಯ, ಸಭಾಪಾಲಕರ ಮಗ, ಕೂತೇ ಇದ್ದರೆ ಜನ ಏನಂದಾರು? ಹೋಗಿ ಮೊಣಕಾಲೂರಿದ. ರೊಟ್ಟಿಯ ತುಣುಕು ಅಂಗುಳಿಗೆ ಅಂಟಿಕೊಂಡಿತು. ನಾಲಿಗೆಯಿಂದ ಎಷ್ಟು ತಳ್ಳಿದರೂ ಬಿಡಲಿಲ್ಲ. ತನಗಿಂತ ನೀಚ ಮನುಷ್ಯ ಈ ಕೋಣೆಯಲ್ಲಿಲ್ಲ ಎಂದುಕೊಂಡ. ಹಾಗೆ ಅಂದುಕೊಳ್ಳುವುದರಲ್ಲೂ ಒಂದು ಸಮಾಧಾನ ಇದ್ದದ್ದು ಕಂಡು ಇನ್ನಷ್ಟು ಅಸಹ್ಯವಾಯಿತು. ಕಾರ್ಖಾನೆಯಲ್ಲಿ ಪ್ರತಿ ಗಾಜನ್ನೂ ದೀಪಕ್ಕೆ ಹಿಡಿದು, ಕೂದಲೆಳೆಯಷ್ಟು ಗೀರು ಕಂಡರೂ ಪಕ್ಕಕ್ಕಿಡುವವನು ಅವನು. ಅವನು ಪಾಸು ಮಾಡಿದ ಗಾಜನ್ನು ಇನ್ನೊಬ್ಬರು ನೋಡಬೇಕಾಗಿಲ್ಲ ಎಂದು ಮೇಲ್ವಿಚಾರಕ ಹೇಳುವುದುಂಟು.

ಪ್ರಾರ್ಥನೆ ಮುಗಿದ ಮೇಲೆ ಸಭಾಪಾಲಕರು, ಕಡತಕ್ಕೆ ಬೇಕು, ಪತ್ರದ ಅನುವಾದವನ್ನು ಒಂದು ಹಾಳೆಯಲ್ಲಿ ಬರೆದು ರುಜು ಹಾಕಿ ಕೊಡಿ ಎಂದರು. "ನಾನು ಬರೀತೀನಿ, ನನ್ನ ಅಕ್ಷರ ಚೆನ್ನಾಗಿದೆ" ಎಂದು ಮಗಳು ಅವನ ಕೈಯಿಂದ ಪತ್ರ ಕಿತ್ತುಕೊಂಡು ಓಡಿದಳು. ನೃತ್ಯದವರು ಬಟ್ಟೆ ಬದಲಾಯಿಸುವ ಪುಟ್ಟ ಕೋಣೆ. ಗೋಡೆಯುದ್ದಕ್ಕೂ ಮರದ ಬೆಂಚು, ಮೇಲೆ ಗೂಟಗಳಲ್ಲಿ ಯಾರದೋ ಮರೆತುಹೋದ ಒಂದು ಜೊತೆ ಷೂ. ಮಗಳು ಬೆಂಚಿನ ಮೇಲೆ ಹಾಳೆಯಿಟ್ಟು ನೆಲಕ್ಕೆ ಕೂತಳು. ಅವನು ಹೇಳುತ್ತ ಹೋದ, ಅವಳು ನಾಲಿಗೆಯ ತುದಿ ಹೊರಗೆ ಹಾಕಿ ಬರೆಯುತ್ತ ಹೋದಳು; ವಂದನೆಗಳು, ದೀಕ್ಷಾಸ್ನಾನ, ದೃಢೀಕರಣ. ಅಲ್ಲಿ ಅವಳು ಪೆನ್ನು ನಿಲ್ಲಿಸಿ ಮೂಲ ಪತ್ರವನ್ನು ಎಳೆದುಕೊಂಡಳು.

"ಅಪ್ಪಾ, ಇದರಲ್ಲಿ ತಾತನ ಸಾಲು ಯಾವ್ದು?"

"ಯಾಕೆ?"

"ತೋರಿಸು ಅಂದ್ರೆ. ಅದನ್ನ ಹಾಗೇ ನೋಡಿ ಬರ್ಕೊಂಡು ಬಾಯಿಪಾಠ ಮಾಡ್ತೀನಿ. ದೃಢೀಕರಣದ ದಿನ ಎಲ್ರೂ ಒಂದೊಂದು ಸಾಕ್ಷಿ ಹೇಳ್ಬೇಕಲ್ಲ, ನಾನು ಇದನ್ನೇ ಹೇಳ್ತೀನಿ, ಕನ್ನಡದಲ್ಲೇ. ಆಮೇಲೆ ಅರ್ಥ ಹೇಳ್ತೀನಿ. ನೀನು ಮೊದಲು ಓದು, ನಾನು ನಿನ್ನ ಹಿಂದೆ ಹೇಳ್ತೀನಿ."

ಅವಳ ಬೆರಳು ಹಾಳೆಯ ಮೇಲೆ ತಡವರಿಸಿ, ಸರಿಯಾದ ಸಾಲಿನಿಂದ ಎರಡು ಸಾಲು ಮೇಲೆ ನಿಂತಿತ್ತು. ಅವನಿಗೆ ಆ ದಿನ ಕಣ್ಣಮುಂದೆ ಬಂತು. ಬಿಳಿ ಉಡುಪಿನಲ್ಲಿ ಮಗಳು ಬಲಿಪೀಠದ ಮುಂದೆ ನಿಂತು, ಅಪ್ಪ ಕಟ್ಟಿ ಓದಿಕೊಟ್ಟ ಸಾಲನ್ನು, ತನ್ನ ತಾತ ದೇವರ ವಾಕ್ಯ ಸಾರಿದವರು ಎಂದು, ತಪ್ಪಿಲ್ಲದ ಕನ್ನಡದಲ್ಲಿ ಹೇಳುತ್ತಾಳೆ, ಆಮೇಲೆ ಇಲ್ಲಿಯವರತ್ತ ತಿರುಗಿ ಅದರ ಅರ್ಥ ಹೇಳುತ್ತಾಳೆ, ಅವಳ ತಾಯಿ ಕೆಳಗೆ ಕೂತು ಎರಡನ್ನೂ ಕೇಳುತ್ತಾಳೆ. ತಾನೇ ಹೇಳುವ ಸುಳ್ಳಿಗೆ ಅವನು ಇಷ್ಟು ದಿನದಲ್ಲಿ ಹೇಗೋ ಹೊಂದಿಕೊಂಡಿದ್ದ. ಅವಳ ಬಾಯಲ್ಲಿ ಹೇಳಿಸುವುದು ಮಾತ್ರ ಆಗಲಿಲ್ಲ. ಅವಳ ಬೆರಳನ್ನು ಹಿಡಿದು ಎರಡು ಸಾಲು ಕೆಳಗೆ ಇಟ್ಟ.

"ಇಲ್ಲಿದೆ. ನಾನು ಆಗ ಸರಿಯಾಗಿ ಓದಲಿಲ್ಲ. ಈಗ ಓದ್ತೀನಿ, ಬರ್ಕೋ."

ಓದಿದ. ಒಂದು ಮಾತು ಕನ್ನಡದಲ್ಲಿ, ಒಂದು ಮಾತು ಇಲ್ಲಿಯ ಭಾಷೆಯಲ್ಲಿ. ಗಂಟೆ ಎಂಬಲ್ಲಿ ಪೆನ್ನು ನಿಂತಿತು. ಅವಳು ತಲೆಯೆತ್ತದೆ, "ಇದು ಬೇರೆ ಯಾರ ಬಗ್ಗೆನೋ ಇರ್ಬೇಕು" ಎಂದಳು. ನಿನ್ನ ತಾತನ ಬಗ್ಗೆಯೇ ಎಂದ. ಅವಳ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು. "ನಾನು ಎರಡು ಪುಟ ಬರ್ದು ಓದಿದೀನಿ. ಎಲ್ರ ಮುಂದೆ. ಅಮ್ಮಂಗೆ ಗೊತ್ತಿತ್ತಾ?" ಗೊತ್ತಿತ್ತು ಎಂದ. ಅಮ್ಮನನ್ನು ಬೈಯಬೇಡ, ನಾನೇ ಬಾಯಿ ಕಟ್ಟಿಸಿದ್ದು ಎಂದ. ಅವಳು ಮತ್ತೆ ಬರೆಯತೊಡಗಿದಳು, ಅಕ್ಷರ ಮೊದಲಿನಷ್ಟು ಚೆನ್ನಾಗಿರಲಿಲ್ಲ. ಕೊನೆಯ ಸಾಲು ಬಂದಾಗ, ಅದೊಂದು ಬಿಟ್ಟುಬಿಡು, ಅದು ಕಡತಕ್ಕೆ ಬೇಕಾಗಿಲ್ಲ ಎಂದ. "ಪತ್ರದಲ್ಲಿ ಇದೆಯಾ ಇಲ್ವಾ?" ಇದೆ. "ಹಾಗಾದ್ರೆ ಹೇಳು." ಹೇಳಿದ. ಬರೆದಳು. ರುಜುವಿನ ಜಾಗಕ್ಕೆ ಒಂದು ಗೆರೆ ಎಳೆದು ಹಾಳೆಯನ್ನು ಅವನತ್ತ ತಳ್ಳಿ, "ಇದನ್ನ ನಾನು ಕೊಡಲ್ಲ. ನೀನೇ ಕೊಡು" ಎಂದಳು.

ಅಡಿಗೆಕೋಣೆಯಲ್ಲಿ ಸಭಾಪಾಲಕರು ತೋಳು ಮಡಚಿ ಲೋಟ ತೊಳೆಯುತ್ತಿದ್ದರು. ಇಬ್ಬರು ಹೆಂಗಸರು ಒರೆಸುತ್ತಿದ್ದರು, ಅವರ ಜೊತೆ ಅವನ ಹೆಂಡತಿ. ಬೀಗದ ಅಜ್ಜ ತಟ್ಟೆಗಳ ಕಟ್ಟನ್ನು ಕಪಾಟಿಗೆ ಎತ್ತಿಡುತ್ತಿದ್ದ. ಸಭಾಪಾಲಕರು ಒದ್ದೆ ಕೈಯ ಎರಡು ಬೆರಳಿನಲ್ಲಿ ಹಾಳೆ ತೆಗೆದುಕೊಂಡು, ಕಣ್ಣೂ ಹಾಯಿಸದೆ ಕಿಟಕಿಯ ಪಕ್ಕದ ಕಡತದೊಳಗೆ ಸೇರಿಸಿ, "ನಿಮ್ಮ ತಂದೆಯವರ ಆಶೀರ್ವಾದ ಕೇಳಿ ನಮಗೆಲ್ಲ ಮನಸ್ಸು ತುಂಬಿತು" ಎಂದು ಮತ್ತೆ ನಲ್ಲಿಯತ್ತ ತಿರುಗಿದರು. ಮುಗಿಯಿತು. ನಿಜ ಕಡತದಲ್ಲಿದೆ, ಯಾರೂ ಎಂದೂ ತೆರೆಯದ ಕಡತದಲ್ಲಿ. ಇನ್ನು ಮನೆಗೆ ಹೋಗಬಹುದು. ಎದೆಯ ಭಾರ ಇಳಿದದ್ದು ಅವನಿಗೆ ಮೈಯಲ್ಲೇ ಗೊತ್ತಾಯಿತು. ತಿರುಗಿದಾಗ ಬಾಗಿಲಲ್ಲಿ ಮಗಳು ಮೂವರ ಕೋಟನ್ನೂ ಎದೆಗೆ ಅವಚಿ ನಿಂತಿದ್ದಳು. ಅವನ ಮುಖದ ಆ ಹಗುರವನ್ನು ಅವಳು ನೋಡಿಬಿಟ್ಟಿದ್ದಳು.

"ದಯವಿಟ್ಟು ಅದನ್ನ ಒಂದ್ಸಲ ಓದಿ" ಎಂದ ಅವನು. "ಈಗಲೇ."

ಸಭಾಪಾಲಕರು ಕೈ ಒರೆಸಿಕೊಂಡು ಕನ್ನಡಕ ಹುಡುಕಿದರು. ಜೇಬಿನಲ್ಲಿರಲಿಲ್ಲ, ಕಿಟಕಿಯಲ್ಲಿರಲಿಲ್ಲ, ಕೊನೆಗೆ ಅವರ ತಲೆಯ ಮೇಲೆಯೇ ಇತ್ತು. ಕುರುಡಾಗಿದ್ದ ತಾಯಿಗೆ ಓದಿ ಹೇಳಿ ಅಭ್ಯಾಸವಾದವರು, ಏನನ್ನಾದರೂ ಗಟ್ಟಿಯಾಗಿಯೇ ಓದುತ್ತಿದ್ದರು. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಅವನು ಮಾತ್ರ ಮರೆತಿದ್ದ. ಮಗಳು ಬರೆದಂತೆಯೇ ಓದಿದರು. ಗಂಟೆ, ನೆಲ, ದೀಪ, ಸಮಾಧಿ. ಒರೆಸುತ್ತಿದ್ದ ಹೆಂಗಸರ ಕೈ ನಿಂತಿತು. ಅವರ ದನಿ ಮೆಲ್ಲಗಾಗುತ್ತ ಬಂತು, ನಿಲ್ಲಿಸಲಿಲ್ಲ. ಅದಕ್ಕೆಲ್ಲ ನಾಚಿಕೊಳ್ಳುವವನಲ್ಲ ಅವನು ಎಂಬಲ್ಲಿಗೆ ಬಂದು ಮುಗಿಸಿ, ಕನ್ನಡಕ ತೆಗೆದು, ಅವನನ್ನೂ ಹಾಳೆಯನ್ನೂ ನೋಡಿದರು. ಅವನು ಏನಾದರೂ ಹೇಳಬೇಕಿತ್ತು. ಎಲ್ಲರೂ ಅದಕ್ಕೇ ಕಾಯುತ್ತಿದ್ದರು. "ನಮ್ಮ ತಂದೆ ಯಾವತ್ತೂ ಪ್ರಸಂಗ ಮಾಡಿದವರಲ್ಲ" ಎಂದ. "ಅವತ್ತು ನೀವು ಕೇಳಿದಾಗ ಅಲ್ಲ ಅನ್ನಬೇಕಾಗಿತ್ತು. ಅನ್ನಲಿಲ್ಲ." ಕುರ್ಚಿ ತಂದುಕೊಟ್ಟಿದ್ದ ಅಜ್ಜಿ ನೆಲ ನೋಡುತ್ತ ಅದೇ ಲೋಟವನ್ನು ಮತ್ತೆ ಮತ್ತೆ ಒರೆಸಿದಳು. ಸಭಾಪಾಲಕರು, "ಮಾತಾಡೋಣ, ಈ ವಾರ ಮನೆಗೆ ಬನ್ನಿ" ಎಂದರು. ಎರಡೂ ಕೈಯಲ್ಲಿ ಕೈ ಹಿಡಿಯಲಿಲ್ಲ. ಹೆಂಡತಿ ಅವನತ್ತ ನೋಡಿದಳು, ಪತ್ರ ಓದಿದ ಮೇಲೆ ಮೊದಲ ಸಲ. ಬೀಗದ ಅಜ್ಜ ಕಪಾಟಿನ ಬಾಗಿಲು ಹಾಕಿ, "ಹಾಗಿದ್ರೆ ಬನ್ನಿ, ಕುರ್ಚಿ ಎತ್ತೋದಿದೆ, ನನ್ನ ಸೊಂಟಕ್ಕೆ ಇವತ್ತು ಆಗಲ್ಲ" ಎಂದ.

ಅರವತ್ತು ಕುರ್ಚಿ. ಅವನು ತೋಳು ಮಡಚಿ ಹಿಂದಿನ ಸಾಲಿನಿಂದ ಶುರುಮಾಡಿದ. ಒಂದು ಕೈ ಬೆನ್ನಿಗೆ, ಮೊಣಕಾಲು ಆಸನದ ಕೆಳಗೆ, ಮಡಚಿದ ಕುರ್ಚಿಯನ್ನು ಶಬ್ದವಾಗದಂತೆ ಗೋಡೆಗೆ ಒರಗಿಸುವುದು. ಇಪ್ಪತ್ತೈದು ವರ್ಷವಾದರೂ ಕೈ ಮರೆತಿರಲಿಲ್ಲ. ಅಜ್ಜ ಬಟ್ಟೆ ತೆಗೆಯುತ್ತ ಹೋದಂತೆ ಕನ್ನಡಿ ಗೋಡೆ ಬಯಲಾಗುತ್ತ ಬಂತು. ಬಗ್ಗಿದ ಬೆನ್ನು, ಮೇಲಕ್ಕೆ ಮಡಚಿದ ತೋಳು, ಗೋಡೆಯುದ್ದಕ್ಕೂ ಅಪ್ಪನೇ ಓಡಾಡುತ್ತಿದ್ದಂತಿತ್ತು. ಅವನು ಆ ಕಡೆ ನೋಡದೆ ಕೆಲಸ ಮಾಡಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ತುದಿಯಿಂದ ಧಡಾರೆಂದು ಕುರ್ಚಿ ಮಡಚುವ ಸದ್ದು ಕೇಳಿಸಿತು. ಮಗಳು. ಬೆರಳು ಸಿಕ್ಕಿಸಿಕೊಂಡು, ಕೊಡವಿಕೊಂಡು, ಮತ್ತೆ ಮಡಚುತ್ತಿದ್ದಳು. ಮೆಲ್ಲಗೆ ಮಾಡಬೇಕು ಮಗಾ ಎಂದು ಹೇಳಹೋಗಿ ಸುಮ್ಮನಾದ, ಹೇಳುವ ಹಕ್ಕು ತನಗೆ ಉಳಿದಿದೆಯೋ ಇಲ್ಲವೋ ತಿಳಿಯಲಿಲ್ಲ. ಇಬ್ಬರೂ ಎರಡು ತುದಿಯಿಂದ ಮಡಚುತ್ತ ಬಂದು ಕೊನೆಗೆ ಒಂದೇ ಸಾಲಿನಲ್ಲಿ ಎದುರಾದರು.

"ನೀನು ಇಲ್ಲಿ ಹೀಗೆಲ್ಲ ಹೇಳಿರೋದು ತಾತಂಗೆ ಗೊತ್ತಾ?" ಎಂದು ಕೇಳಿದಳು.

"ಇಲ್ಲ."

ಅವಳು ಉಳಿದಿದ್ದ ಕುರ್ಚಿಯ ಬೆನ್ನು ಹಿಡಿದಳು.

"ಹೇಳ್ಬೇಡ ಅಪ್ಪಾ. ಅವರಿಗೆ ಯಾವತ್ತೂ ಹೇಳ್ಬೇಡ" ಎಂದಳು. ಆಮೇಲೆ ಬಗ್ಗಿ, ಅವನು ಮಾಡಿದಂತೆ ಮೊಣಕಾಲನ್ನು ಆಸನದ ಕೆಳಗೆ ಕೊಟ್ಟು, ಕೊನೆಯ ಕುರ್ಚಿಯನ್ನು ಮಡಚಿದಳು.